ಅಕ್ಕೋರನ್ನು ಕೇಳಿ: ತಾಟಿನಲ್ಲಿ ಸುಡಾನ್, ಗಡಿಯಾರದಲ್ಲಿ ಬ್ಯಾಬಿಲೋನ್

ಕಳೆದ ತಿಂಗಳು ಈ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಹಳೆಯ ನಾಗರಿಕತೆಗಳನ್ನು ನೋಡೋಕೆ ಮ್ಯೂಸಿಯಮ್ಮಿಗೇ ಹೋಗಬೇಕು ಅಂತಿಲ್ಲ, ಹುಡುಕಿದರೆ ಮನೆಯಲ್ಲೇ ಸಿಗುತ್ತವೆ ಅಂತ. ಅದನ್ನು ಹಿಡಿದುಕೊಂಡು ಮೂರೂ ಜಿಲ್ಲೆಗಳಿಂದ ಕಾಗದಗಳು ಬಂದಿವೆ. ಬಾದಾಮಿ ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಇತಿಹಾಸ ಹೇಳಿಕೊಟ್ಟವಳು ನಾನು. ಇಷ್ಟು ಪ್ರಶ್ನೆ ಒಟ್ಟಿಗೆ ಬಂದಾಗ ಮತ್ತೆ ಕ್ಲಾಸಿನಲ್ಲಿ ನಿಂತ ಹಾಗೆ ಆಗುತ್ತದೆ. ಏಳು ಕಾಗದ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕೋರೇ, ರೂಪಾಯಿಗೆ 100 ಪೈಸೆ, ಮೀಟರಿಗೆ 100 ಸೆಂಟಿಮೀಟರ್. ಗಂಟೆಗೆ ಮಾತ್ರ 60 ನಿಮಿಷ ಯಾಕೆ? ನಮ್ಮ ಗಣಿತದ ಸರ್ ಅವರನ್ನು ಕೇಳಿದರೆ ‘ಇದು ಇತಿಹಾಸದ ಪ್ರಶ್ನೆ’ ಅಂದರು.
– 8ನೇ ತರಗತಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ನಿಮ್ಮ ಸರ್ ಸರಿಯಾಗೇ ಹೇಳಿದ್ದಾರೆ, ನನ್ನವ್ವಾ. ಈಗ ನಿನ್ನ ಬಲಗೈ ನೋಡು. ಹೆಬ್ಬೆರಳು ಬಿಟ್ಟರೆ ನಾಲ್ಕು ಬೆರಳು. ಒಂದೊಂದಕ್ಕೆ ಮೂರು ಗೆಣ್ಣು. ಹೆಬ್ಬೆರಳಿನಿಂದ ಗೆಣ್ಣು ಮುಟ್ಟುತ್ತಾ ಹೋದರೆ ಒಂದು ಕೈಗೆ 12. ಹನ್ನೆರಡು ಮುಗಿದಾಗಲೆಲ್ಲ ಎಡಗೈಯ ಒಂದು ಬೆರಳು ಮಡಚು. ಐದೂ ಬೆರಳು ಮಡಚಿದಾಗ ಎಷ್ಟಾಯಿತು? 60. ನಮ್ಮ ಅಜ್ಜಿ ಕುಳ್ಳು ಎಣಿಸುತ್ತಿದ್ದದ್ದು ಹೀಗೆಯೇ. ಅಕ್ಷರ ಬರುತ್ತಿರಲಿಲ್ಲ, ಆದರೆ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಈಗಿನ ಇರಾಕಿನಲ್ಲಿ ಟೈಗ್ರಿಸ್, ಯೂಫ್ರೆಟಿಸ್ ಅಂತ ಎರಡು ಹೊಳೆ ಇವೆ. ಆ ಹೊಳೆಸಾಲಿನಲ್ಲಿ 5000 ವರ್ಷಗಳ ಹಿಂದೆಯೇ ಸುಮೇರಿಯದ ಜನ ಊರು ಕಟ್ಟಿಕೊಂಡಿದ್ದರು. ಅಲ್ಲಿ ಕಲ್ಲಿಲ್ಲ, ಒಳ್ಳೆಯ ಮರವೂ ಕಡಿಮೆ. ಇದ್ದದ್ದು ಮಣ್ಣು. ಹಸಿ ಮಣ್ಣನ್ನು ಅಂಗೈ ಅಗಲ ತಟ್ಟಿ, ಜೊಂಡಿನ ಕಡ್ಡಿಯಿಂದ ಒತ್ತಿ ಒತ್ತಿ ಲೆಕ್ಕ ಬರೆದರು. ಎಷ್ಟು ಕುರಿ ಬಂದವು, ಎಷ್ಟು ಕಾಳು ಹೋಯಿತು, ಇಂಥವೇ ಜಾಸ್ತಿ. ಅವರು 60ರ ಲೆಕ್ಕದವರು. ಅವರೂ ಗೆಣ್ಣು ಎಣಿಸಿಯೇ ಆ 60ಕ್ಕೆ ಬಂದಿರಬಹುದು ಅಂತ ಹೇಳುವ ವಿದ್ವಾಂಸರಿದ್ದಾರೆ.

60ರಲ್ಲಿ ಒಂದು ಸುಖ ಇದೆ. ಮನೆಯಲ್ಲಿ 60 ರೊಟ್ಟಿ ಬಡಿದು ಇಟ್ಟಿದ್ದೀರಿ ಅಂತಿಟ್ಟುಕೋ. ಇಬ್ಬರು ಬರಲಿ, ಮೂವರು, ನಾಲ್ವರು, ಐವರು, ಆರು ಮಂದಿ, ಹತ್ತು, ಹನ್ನೆರಡು ಮಂದಿ ಬರಲಿ, ಯಾವ ರೊಟ್ಟಿಯನ್ನೂ ಮುರಿಯದೆ ಸಮ ಹಂಚಬಹುದು. 100 ರೊಟ್ಟಿಯನ್ನು ಮೂವರಿಗೆ ಹಂಚಿ ನೋಡು, ಒಂದನ್ನು ಮುರಿಯಲೇಬೇಕು.

ಸುಮೇರಿಯದವರ ಲೆಕ್ಕ ಬ್ಯಾಬಿಲೋನಿಗೆ ಬಂತು. ಅವರು ಅದನ್ನು ಆಕಾಶಕ್ಕೆ ಹಚ್ಚಿದರು. ವೃತ್ತಕ್ಕೆ 360 ಅಂಶ ಅನ್ನುವುದು ಅಲ್ಲಿಯ ಕೊಡುಗೆ. ಹಗಲಿಗೆ 12, ರಾತ್ರಿಗೆ 12 ಪಾಲು ಮಾಡಿದವರು ಈಜಿಪ್ಟಿನವರು. ಎರಡನ್ನೂ ಗ್ರೀಕರು ಕಲಿತರು. ಅಲೆಕ್ಸಾಂಡ್ರಿಯಾದ ಟಾಲೆಮಿ ಅನ್ನುವ ಖಗೋಳ ಪಂಡಿತ ಒಂದು ಅಂಶವನ್ನು 60 ಪಾಲು ಮಾಡಿ, ಆ ಪಾಲನ್ನು ಮತ್ತೆ 60 ಮಾಡಿದ. ಮೊದಲನೆಯ ಸಣ್ಣ ಪಾಲಿಗೆ ಲ್ಯಾಟಿನ್ನಿನಲ್ಲಿ ಬಂದ ಹೆಸರೇ ಮಿನಿಟ್. ಎರಡನೇ ಸಲ ಮಾಡಿದ ಪಾಲು ಸೆಕೆಂಡ್. ‘ಸೆಕೆಂಡ್’ ಅಂದರೆ ‘ಎರಡನೆಯದು’ ಅಂತ ಇಂಗ್ಲಿಷ್ ಪಾಠದಲ್ಲಿ ಕಲಿತಿದ್ದೀಯಲ್ಲ, ಅದೇ ಇದು.

ನಮ್ಮಲ್ಲೂ ದಿನಕ್ಕೆ 60 ಘಳಿಗೆ. ಒಂದು ಘಳಿಗೆ ಅಂದರೆ ಈಗಿನ 24 ನಿಮಿಷ. ತಳದಲ್ಲಿ ಸಣ್ಣ ತೂತು ಇರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಘಳಿಗೆ. ಹಿಂದೆಲ್ಲ ಮದುವೆಯ ಮುಹೂರ್ತ ನೋಡುತ್ತಿದ್ದದ್ದು ಈ ಬಟ್ಟಲಿನಲ್ಲೇ.

ಇದನ್ನು ಬದಲಾಯಿಸೋಕೆ ನೋಡಿದವರೂ ಇದ್ದಾರೆ. ಫ್ರಾನ್ಸಿನಲ್ಲಿ ಕ್ರಾಂತಿ ಆದಾಗ, 1793ರಲ್ಲಿ, ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ ಅಂತ ಕಾನೂನು ತಂದರು. ಜನ ಒಪ್ಪಲಿಲ್ಲ. 1795ರಲ್ಲೇ ಕೈಬಿಟ್ಟರು. ರಾಜನನ್ನೇ ಇಳಿಸಿದ ಜನರಿಗೂ ಸುಮೇರಿಯದ 60 ಬಿಡೋಕಾಗಲಿಲ್ಲ ನೋಡು.

ಪ್ರಶ್ನೆ: ಪ್ರವಾಸಿಗರನ್ನು ತೊರವಿ ಕಡೆ ಸುರಂಗ ಬಾವಡಿಗೆ ಕರಕೊಂಡು ಹೋಗ್ತೀನಿ ಅಕ್ಕೋರೇ. ಇದನ್ನು ಆದಿಲಶಾಹಿಗಳೇ ಕಂಡುಹಿಡಿದರು ಅಂತ ಹೇಳ್ತಿದ್ದೆ. ಮೊನ್ನೆ ಒಬ್ಬರು ‘ಇದು ಇರಾನಿನ ವಿದ್ಯೆ’ ಅಂದರು. ನಾನು ಏನಂತ ಹೇಳಲಿ?
– ಆಟೋ ಚಾಲಕ, ವಿಜಯಪುರ

ಉತ್ತರ: ತಮ್ಮಾ, ಮೊದಲು ನಿಮಗೆ ನಮಸ್ಕಾರ. ಗೋಲಗುಂಬಜ್ ತೋರಿಸಿ ಮುಗಿಸುವವರೇ ಜಾಸ್ತಿ. ನೀವು ತೊರವಿ ತನಕ ಕರೆದುಕೊಂಡು ಹೋಗುತ್ತೀರಲ್ಲ, ಅದು ದೊಡ್ಡದು.

ಬಂದವರು ಹೇಳಿದ್ದು ನಿಜ. ನೆಲದೊಳಗೆ ಸುರಂಗ ಕೊರೆದು ನೀರು ತರುವ ಈ ವಿದ್ಯೆ ಪರ್ಷಿಯಾದ್ದು, ಅಂದರೆ ಈಗಿನ ಇರಾನಿನದು, ಎರಡೂವರೆ ಸಾವಿರ ವರ್ಷಕ್ಕೂ ಹಳೆಯದು. ಅಲ್ಲಿ ಕನಾತ್, ಕರೇಜ್ ಅನ್ನುತ್ತಾರೆ. ಎತ್ತರದ ಕಡೆ ನೆಲದೊಳಗೆ ಸೆಲೆ ಇರುವಲ್ಲಿ ಒಂದು ತಾಯಿ ಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ನೆಲದ ಒಳಗೇ ಕಾಲುವೆ ಕೊರೆಯುತ್ತಾರೆ. ಇಳಿಜಾರು ಬಹಳ ಕಡಿಮೆ ಇರಬೇಕು. ಜಾಸ್ತಿ ಆದರೆ ನೀರು ರಭಸಕ್ಕೆ ಮಣ್ಣು ಕೊರೆಯುತ್ತದೆ, ಕಡಿಮೆ ಆದರೆ ನಿಂತುಬಿಡುತ್ತದೆ. ನಡುನಡುವೆ ಮೇಲಿಂದ ಬಾವಿಯ ಹಾಗೆ ಗುಂಡಿ ಇಳಿಸುತ್ತಾರೆ. ಒಳಗೆ ಕೆಲಸ ಮಾಡುವವರಿಗೆ ಗಾಳಿ ಬೆಳಕು ಬೇಕು, ಅಗೆದ ಮಣ್ಣು ಮೇಲೆತ್ತಬೇಕು, ಮುಂದೆ ಹೂಳು ತೆಗೆಯಬೇಕು. ಎಲ್ಲಕ್ಕೂ ಅದೇ ದಾರಿ. ಎತ್ತು ಬೇಡ, ಏತ ಬೇಡ, ನೀರು ತಾನೇ ಹರಿದು ಬರುತ್ತದೆ. ನೆಲದ ಒಳಗೆ ಇರುವುದರಿಂದ ಎಂಥ ಬೇಸಿಗೆಯಲ್ಲೂ ಬಿಸಿಲಿಗೆ ಆರಿಹೋಗುವುದಿಲ್ಲ. ವಿಜಯಪುರದ ಏಪ್ರಿಲ್ ತಿಂಗಳು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಒಂದು ಮಾತು ಬರೆದಿಟ್ಟಿದ್ದಾನೆ. ನೀರಿಲ್ಲದ ನೆಲಕ್ಕೆ ಯಾರು ನೀರು ತರುತ್ತಾರೋ ಅವರು ಐದು ತಲೆಮಾರು ಆ ನೆಲವನ್ನು ಉಣ್ಣಲಿ ಅಂತ ಪರ್ಷಿಯಾದ ದೊರೆಗಳು ಹುಕುಂ ಮಾಡಿದ್ದರಂತೆ. ನಾನು ಇದನ್ನು ಮಕ್ಕಳಿಗೆ ಹೇಳುವಾಗಲೆಲ್ಲ ಒಂದು ಕ್ಷಣ ಸುಮ್ಮನಾಗುತ್ತಿದ್ದೆ. ಐದು ತಲೆಮಾರು! ನೀರಿನ ಬೆಲೆ ಗೊತ್ತಿದ್ದ ಜನ.

ಆದಿಲಶಾಹಿ ಆಸ್ಥಾನಕ್ಕೆ ಪರ್ಷಿಯಾದ ಜೊತೆ ಗಟ್ಟಿ ನಂಟಿತ್ತು. ಬೀದರಿನ ನೌಬಾದದಲ್ಲೂ ಇಂಥದೇ ಕರೇಜ್ ಇದೆ. ನಿಮ್ಮ ಊರಿನಲ್ಲಿ ಇದರ ಜೊತೆಗೆ ಇನ್ನೊಂದು ಸೇರಿತು. ಕೊಳವೆಯಲ್ಲಿ ಬರುವ ನೀರಿನ ಒತ್ತಡ ತಗ್ಗಿಸೋಕೆ ಅಲ್ಲಲ್ಲಿ ಗಂಜ್ ಅನ್ನುವ ಕಲ್ಲಿನ ನೀರು ಗೋಪುರ ಕಟ್ಟಿದರು. ಹಾಗಾಗಿ ನೀವು ಹೀಗೆ ಹೇಳಿ: ‘ವಿದ್ಯೆ ಪರ್ಷಿಯಾದ್ದು. ಅದನ್ನು ನಮ್ಮ ಕಪ್ಪು ಕಲ್ಲಿನ ನೆಲದಲ್ಲಿ ಇಳಿಸಿ ದೊಡ್ಡ ಪಟ್ಟಣಕ್ಕೆ ನೀರು ಕುಡಿಸಿದ್ದು ಆದಿಲಶಾಹಿಗಳು.’ ಇದರಲ್ಲಿ ನಿಮ್ಮ ಊರಿನ ಹೆಮ್ಮೆ ಒಂದು ಗುಂಜಿಯೂ ಕಡಿಮೆ ಆಗುವುದಿಲ್ಲ.

ಆ ಬಾವಡಿಯ ಹೆಸರಿನಲ್ಲೂ ಒಂದು ಕಥೆ ಇದೆ. ‘ಸುರಂಗ’ ಅನ್ನುವ ಮಾತು ಗ್ರೀಕರ ‘ಸಿರಿಂಕ್ಸ್’ನಿಂದ ಬಂದದ್ದು ಅನ್ನುತ್ತಾರೆ ವಿದ್ವಾಂಸರು. ಸಿರಿಂಕ್ಸ್ ಅಂದರೆ ಕೊಳಲು, ಕೊಳವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಸುರುಂಗಾ ಅಂತ ಬರುತ್ತದೆ. ನಿಮ್ಮ ಆಟೋ ನಿಲ್ಲುವ ಕೇಂದ್ರ ಬಸ್ ನಿಲ್ದಾಣದ ‘ಕೇಂದ್ರ’ ಇದೆಯಲ್ಲ, ಅದೂ ಗ್ರೀಕ್ ಮಾತು, ‘ಕೆಂತ್ರೊನ್’. ಎತ್ತು ತಿವಿಯುವ ಚೂಪು ಕೋಲಿಗೂ ಅವರಲ್ಲಿ ಅದೇ ಹೆಸರು. ಕೈವಾರದ ಚೂಪು ಕಾಲು ಊರುವ ಜಾಗ ಕೆಂತ್ರೊನ್ ಆಯಿತು. ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂದು, ಸಂಸ್ಕೃತದಿಂದ ನಮ್ಮ ಬಸ್ ನಿಲ್ದಾಣದ ಬೋರ್ಡಿಗೆ ಬಂತು.

ಇನ್ನೊಂದು ವಿಷಯ, ನಿಮ್ಮ ಕೆಲಸಕ್ಕೆ ಬೇಕಾದದ್ದು. ಗೋಲಗುಂಬಜ್ ‘ಜಗತ್ತಿನಲ್ಲೇ ಎರಡನೇ ದೊಡ್ಡ ಗುಮ್ಮಟ’ ಅಂತ ಹೇಳಬೇಡಿ. ರೋಮಿನ ಪ್ಯಾಂಥಿಯನ್ ಗುಮ್ಮಟ ಅದಕ್ಕಿಂತ 1500 ವರ್ಷ ಹಳೆಯದು, ಒಳಗಿನ ಅಗಲ 43 ಮೀಟರಿಗೆ ಸ್ವಲ್ಪ ಜಾಸ್ತಿ. ನಮ್ಮದರ ಹೊರ ಅಗಲ ಸುಮಾರು 44 ಮೀಟರ್, ಒಳಗೆ ಸುಮಾರು 38. ನೀವು ತೋರಿಸಬೇಕಾದದ್ದು ಅಗಲ ಅಲ್ಲ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಹೇಗೆ ಕೂತಿದೆ ಅಂತ ತೋರಿಸಿ. ಒಂದನ್ನೊಂದು ಅಡ್ಡ ಹಾಯುವ ಎಂಟು ಕಮಾನುಗಳನ್ನು ಬೆರಳಿನಿಂದ ಎಣಿಸಿ ತೋರಿಸಿ. ನಡುವೆ ಒಂದು ಕಂಬವೂ ಇಲ್ಲ. ದುಂಡು ಗುಮ್ಮಟದ ವಿದ್ಯೆ ರೋಮಿನಿಂದ, ಪರ್ಷಿಯಾದಿಂದ ಸುತ್ತಿ ಬಂದಿರಬಹುದು, ಆದರೆ ಅಷ್ಟು ದೊಡ್ಡ ಭಾರವನ್ನು ಹಾಗೆ ಹೊರಿಸಿದವರು ವಿಜಯಪುರದವರು.

ಪ್ರಶ್ನೆ: ನನ್ನ ಮಗ ರೊಟ್ಟಿ ಬಿಟ್ಟು ಪಿಜ್ಜಾ ಬರ್ಗರ್ ಅಂತಾನೆ. ‘ನಮ್ಮ ಊಟ ಸಾವಿರಾರು ವರ್ಷದಿಂದ ಅಪ್ಪಟ ಈ ಮಣ್ಣಿಂದೇ, ಹೊರಗಿಂದ ಏನೂ ಬಂದಿಲ್ಲ’ ಅಂತ ಬೈದೆ. ಸರಿಯಾಗೇ ಹೇಳಿದೆ ಅಲ್ವಾ ಅಕ್ಕೋರೇ?
– ಗೃಹಿಣಿ, ಇಂಡಿ

ಉತ್ತರ: ರೊಟ್ಟಿ ತಿನ್ನು ಅಂದದ್ದು ನೂರಕ್ಕೆ ನೂರು ಸರಿ, ತಂಗಿ. ಆದರೆ ‘ಹೊರಗಿಂದ ಏನೂ ಬಂದಿಲ್ಲ’ ಅನ್ನುವುದನ್ನು ಮಾತ್ರ ತಿದ್ದಿಕೊಳ್ಳೋಣ. ತಿದ್ದಿಕೊಂಡರೆ ನಿಮ್ಮ ತಾಟು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಮೊದಲು ಜೋಳ. ಇಂಡಿಯ ಬಿಳಿ ಜೋಳ ಅಂದರೆ ನಮಗೆ ಪ್ರಾಣ. ಆದರೆ ಜೋಳವನ್ನು ಕಾಡು ಹುಲ್ಲಿನಿಂದ ಮೊದಲು ಬೆಳೆ ಮಾಡಿಕೊಂಡವರು ಆಫ್ರಿಕಾದ ರೈತರು, ಈಗಿನ ಸುಡಾನ್ ಕಡೆಯವರು. ಸಜ್ಜೆಯೂ ಆಫ್ರಿಕಾದ್ದೇ, ಅದು ಪಶ್ಚಿಮ ಭಾಗದ್ದು. ರಾಗಿಯೂ ಆಫ್ರಿಕಾದಿಂದಲೇ. ಗುರೆಳ್ಳು ಹಿಂಡಿ ಮಾಡುತ್ತೀರಲ್ಲ, ಆ ಗುರೆಳ್ಳು ಇಥಿಯೋಪಿಯಾದ ಬೆಟ್ಟಗಳದ್ದು. ಇವೆಲ್ಲ ಕ್ರಿಸ್ತನಿಗಿಂತ ಎಷ್ಟೋ ಮೊದಲೇ ಸಮುದ್ರ ದಾಟಿ ಬಂದು ನಮ್ಮ ಎರೆ ಭೂಮಿಗೆ ಒಗ್ಗಿಕೊಂಡವು. ತಂದವರು ಯಾವ ರಾಜರೂ ಅಲ್ಲ. ಹಡಗಿನವರು, ದನಗಾಹಿಗಳು, ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಬಂದ ಹೆಣ್ಣುಮಕ್ಕಳು. ಹೆಸರಿಲ್ಲದ ಜನ.

ಈಗ ಅಗಸಿ ಹಿಂಡಿ. ಒಂದು ಅಗಸಿ ಗಿಡ ಕಿತ್ತು ಅದರ ಕಾಂಡ ಮುರಿದು ನೋಡಿ. ಕಡ್ಡಿ ಮುರಿದರೂ ಸಿಪ್ಪೆಯ ನಾರು ಹರಿಯುವುದಿಲ್ಲ, ಕೂದಲಿನ ಹಾಗೆ ಜೋತಾಡುತ್ತದೆ. ಈಜಿಪ್ಟಿನವರು ಆ ನಾರನ್ನು ನೂತು ಬಟ್ಟೆ ನೇಯ್ದರು. ಅವರ ದೊರೆಗಳ ಮಮ್ಮಿಗಳಿಗೆ ಸುತ್ತಿದ್ದು ಅದೇ ಬಟ್ಟೆ. ಅವರಿಗೆ ನಾರು ಬೇಕಿತ್ತು, ನಮಗೆ ಕಾಳು ಬೇಕಿತ್ತು. ಒಂದೇ ಗಿಡ, ಅಲ್ಲಿ ಮಮ್ಮಿಯ ಮೈಮೇಲೆ, ಇಲ್ಲಿ ರೊಟ್ಟಿಯ ಮೇಲೆ.

ಕುಸುಬಿಯೂ ಹಾಗೆಯೇ. ನಿಮ್ಮ ಕಡೆ ಹೊಲದ ಬದುವಿನಲ್ಲಿ ಮುಳ್ಳು ಚುಚ್ಚಿಸಿಕೊಳ್ಳದವರು ಯಾರಿದ್ದಾರೆ? ಆ ಕೇಸರಿ ಹೂವಿನಿಂದ ಈಜಿಪ್ಟಿನವರು ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಟುಟಂಕಾಮೆನ್ ಅನ್ನುವ ಎಳೆ ವಯಸ್ಸಿನ ದೊರೆಯ ಸಮಾಧಿಯಲ್ಲಿ ಕುಸುಬಿ ಹೂ ಕಟ್ಟಿದ ಮಾಲೆ ಸಿಕ್ಕಿದೆ. 3300 ವರ್ಷ ಹಳೆಯದು. ಮೈತುಂಬ ಬಂಗಾರ ಇದ್ದ ಸಮಾಧಿ ಅದು. ನನಗೆ ಮಾತ್ರ ಆ ಒಣಗಿದ ಕುಸುಬಿ ಹೂವೇ ಕಣ್ಣಿಗೆ ಕಟ್ಟುತ್ತದೆ. ಯಾರೋ ಒಬ್ಬಳು ಕೂತು, ಮುಳ್ಳು ತಾಗದ ಹಾಗೆ ಕಟ್ಟಿರಬೇಕು.

ಶೇಂಗಾ ಮತ್ತು ಮೆಣಸಿನಕಾಯಿ ಹೊಸಬರು. ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲೆ, 500 ವರ್ಷಗಳ ಈಚೆಗೆ ಬಂದವು. ಅದಕ್ಕೆ ಮುಂಚೆ ನಮ್ಮಲ್ಲಿ ಖಾರ ಅಂದರೆ ಕರಿ ಮೆಣಸು. ಹೊಸ ಕಾಯಿಗೆ ಹಳೆಯ ಹೆಸರನ್ನೇ ಕೊಟ್ಟು ‘ಮೆಣಸಿನ ಕಾಯಿ’ ಅಂದೆವು.

ಹಾಗಾದರೆ ನಮ್ಮದು ಏನೂ ಇಲ್ವಾ? ಇದೆ. ಎಳ್ಳು ಇಲ್ಲಿಂದು. ಹೆಸರು, ಹುರುಳಿ, ತೊಗರಿ ಇಲ್ಲಿಂದು. ಅದರಲ್ಲೂ ಹುರುಳಿಯನ್ನು ಬೆಳೆಸಿದವರಲ್ಲಿ ನಮ್ಮ ದಕ್ಷಿಣದ ನವಶಿಲಾಯುಗದ ರೈತರೂ ಇದ್ದಾರೆ. ಕೊಟ್ಟ ಲೆಕ್ಕವೂ ಇದೆ. ಈಜಿಪ್ಟಿನ ಎರಡನೇ ರಾಮ್ಸೆಸ್ ಸತ್ತದ್ದು ಕ್ರಿಸ್ತಪೂರ್ವ 1213ರಲ್ಲಿ. ಅವನ ಮಮ್ಮಿಯ ಮೂಗಿನ ಹೊಳ್ಳೆಯಲ್ಲಿ ಕರಿ ಮೆಣಸಿನ ಕಾಳು ಸಿಕ್ಕಿದೆ. ಮೆಣಸು ಆಗ ಬೆಳೆಯುತ್ತಿದ್ದದ್ದು ನಮ್ಮ ದಕ್ಷಿಣದ ಮಳೆಕಾಡಿನಲ್ಲಿ. ನೈಲ್ ನದಿಯ ಸೀಮೆಯಿಂದ ಜೋಳ ಈ ಕಡೆ ಬಂತು, ನಮ್ಮ ಮೆಣಸು ಆ ಕಡೆ ಹೋಯಿತು.

ಬರುವ ಎಳ್ಳ ಅಮಾವಾಸ್ಯೆಗೆ ಮಗನನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿ. ‘ಒಂದು ತಾಟಿನಲ್ಲಿ ಮೂರು ಖಂಡ ಇವೆ, ಯಾವುದು ಯಾವುದು ಹೇಳು’ ಅಂತ ಕೇಳಿ. ಬೈಯುವುದಕ್ಕಿಂತ ಅದೇ ಚೆನ್ನಾಗಿ ನಾಟುತ್ತದೆ. ನನ್ನ ಮೊಮ್ಮಗಳಿಗೆ ನಾಟಿದೆ.

ಪ್ರಶ್ನೆ: ಹರಪ್ಪದ ಜನ ಕನ್ನಡ ಮಾತಾಡುತ್ತಿದ್ದರು ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?
– ಪದವಿ ವಿದ್ಯಾರ್ಥಿ, ಗೋಕಾಕ

ಉತ್ತರ: ಹರಪ್ಪದ ಲಿಪಿಯನ್ನು ಇನ್ನೂ ಯಾರೂ ಎಲ್ಲರೂ ಒಪ್ಪುವ ಹಾಗೆ ಓದಿಲ್ಲ. ಮುದ್ರೆಗಳ ಮೇಲಿನ ಬರಹ ತೀರಾ ಚಿಕ್ಕದು, ಸರಾಸರಿ ಐದು ಗುರುತು ಅಷ್ಟೇ. ಜೊತೆಗೆ ಗೊತ್ತಿರುವ ಇನ್ನೊಂದು ಭಾಷೆಯಲ್ಲಿ ಅದೇ ಮಾತು ಬರೆದ ಕಲ್ಲು ಸಿಕ್ಕಿಲ್ಲ. ದ್ರಾವಿಡ ಮೂಲದ ಭಾಷೆ ಇರಬಹುದು ಅಂತ ವಾದ ಮಾಡುವ ದೊಡ್ಡ ವಿದ್ವಾಂಸರಿದ್ದಾರೆ. ಹಾಗಿದ್ದರೂ ಅದು ಕನ್ನಡ, ತಮಿಳು ಅಂತ ಬೇರೆಬೇರೆ ಆಗುವುದಕ್ಕಿಂತ ಬಹಳ ಹಿಂದಿನ ಮಾತು. ಆ ಸಂದೇಶ ಮುಂದಕ್ಕೆ ಕಳಿಸಬೇಡ, ತಮ್ಮಾ. ಕನ್ನಡಕ್ಕೆ ತನ್ನದೇ ಕಲ್ಲುಗಳ ಸಾಕ್ಷಿ ಬೇಕಾದಷ್ಟಿದೆ. ಕೆಳಗೆ ಗುಳೇದಗುಡ್ಡದವರಿಗೆ ಬರೆದದ್ದನ್ನು ಓದು.

ಪ್ರಶ್ನೆ: ಸಂಡೇ ಅಂದರೆ ಸೂರ್ಯನ ದಿನ, ನಮ್ಮ ರವಿವಾರವೂ ಅದೇ. ಮಂಡೇ, ಸೋಮವಾರ ಎರಡೂ ಚಂದ್ರಂದೇ. ಯಾರು ಯಾರಿಂದ ತಗೊಂಡರು?
– ಬ್ಯಾಂಕ್ ನೌಕರ, ಬೆಳಗಾವಿ

ಉತ್ತರ: ಇಬ್ಬರೂ ಒಂದೇ ಬಾವಿಯಿಂದ ಸೇದಿಕೊಂಡವರು. ಗ್ರಹಗಳನ್ನು ದಿನವೂ ನೋಡಿ ಬರೆದಿಟ್ಟವರು ಬ್ಯಾಬಿಲೋನಿನವರು. ಅದು ಈಜಿಪ್ಟು, ಗ್ರೀಕರ ಕೈಯಲ್ಲಿ ಹದವಾಗಿ ಒಂದು ಕಡೆ ರೋಮಿಗೆ, ಇನ್ನೊಂದು ಕಡೆ ನಮ್ಮಲ್ಲಿಗೆ ಬಂತು. ನಮ್ಮಲ್ಲಿ ವಾರದ ಹೆಸರು ಬರುವ ಹಳೆಯ ಶಾಸನ ಮಧ್ಯಪ್ರದೇಶದ ಏರಣದ್ದು, 484ರದ್ದು. ಅಲ್ಲಿ ಗುರುವಾರ ಅಂತಿದೆ.

ದಿನಗಳ ಸಾಲಿಗೂ ಕಾರಣ ಇದೆ. ಒಂದು ಕಾಗದ ತಗೊಳ್ಳಿ. ಆಕಾಶದಲ್ಲಿ ನಿಧಾನಕ್ಕೆ ನಡೆಯುವವರಿಂದ ಶುರು ಮಾಡಿ ಬರೆಯಿರಿ: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ಒಂದೊಂದು ಗಂಟೆಗೆ ಒಬ್ಬೊಬ್ಬ ಒಡೆಯ. ಶನಿವಾರದ ಮೊದಲ ಗಂಟೆ ಶನಿಯದು, ಎರಡನೆಯದು ಗುರುವಿನದು, ಹೀಗೇ ಸುತ್ತುತ್ತಾ 24 ಗಂಟೆ ಮುಗಿಸಿ. ಮರುದಿನದ ಮೊದಲ ಗಂಟೆ ಯಾರ ಪಾಲಿಗೆ ಬಂತು? ರವಿ. ಅದಕ್ಕೇ ಶನಿವಾರ ಆದ ಮೇಲೆ ರವಿವಾರ. ಮತ್ತೆ 24 ಎಣಿಸಿದರೆ ಸೋಮ, ಮತ್ತೆ ಎಣಿಸಿದರೆ ಮಂಗಳ. ಈ ಗಂಟೆಯ ಪಾಲಿಗೆ ನಮ್ಮ ಜ್ಯೋತಿಷ್ಯದಲ್ಲಿ ‘ಹೋರಾ’ ಅನ್ನುತ್ತಾರೆ. ಇಂಗ್ಲಿಷಿನ ‘ಅವರ್’ ಕೂಡ ಅದೇ ಗ್ರೀಕ್ ಮಾತಿನ ಮಗಳು.

ಆರನೇ ಶತಮಾನದ ವರಾಹಮಿಹಿರ ಇದನ್ನು ಮುಚ್ಚಿಡಲಿಲ್ಲ. ಯವನರು, ಅಂದರೆ ಗ್ರೀಕರು, ಮ್ಲೇಚ್ಛರೇ ಇರಬಹುದು, ಆದರೆ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿದೆ, ಅವರನ್ನೂ ಋಷಿಗಳ ಹಾಗೆ ಗೌರವಿಸುತ್ತಾರೆ ಅಂತ ಬರೆದ. ಅಷ್ಟು ದೊಡ್ಡ ಪಂಡಿತ ಹೀಗೆ ನೇರವಾಗಿ ಹೇಳಿದ್ದನ್ನು ಓದಿದಾಗಲೆಲ್ಲ ನನಗೆ ಖುಷಿ ಆಗುತ್ತದೆ.

ಪ್ರಶ್ನೆ: ನಮ್ಮಮ್ಮ ಹೇಳುತ್ತಿದ್ದ ಬೀಸುವ ಪದ ನಾನು ಬರೆದಿಡ್ತಾ ಇದ್ದೀನಿ. ಮನೆಯವರು ‘ಇವೆಲ್ಲ ಹಳ್ಳಿ ಹಾಡು, ಇವಕ್ಕೇನು ಇತಿಹಾಸ’ ಅಂತಾರೆ. ಇದೆಯಾ ಅಕ್ಕೋರೇ?
– ಖಣ ನೇಯುವ ಮಹಿಳೆ, ಗುಳೇದಗುಡ್ಡ

ಉತ್ತರ: ಇದೆ ಅಕ್ಕಾ. ನಿಮ್ಮ ಊರಿನಿಂದ ಬಹಳ ದೂರ ಏನಿಲ್ಲ, ಬಾದಾಮಿಯ ತಟ್ಟುಕೋಟೆ ಹತ್ತಿರ ಬಂಡೆಯ ಮೇಲೇ ಇದೆ. ಕಪ್ಪೆ ಅರಭಟ್ಟನ ಶಾಸನ. ಸುಮಾರು 700ರದ್ದು. ಅದರಲ್ಲಿ ಈ ಮೂರು ಸಾಲು ಬರುತ್ತವೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿ ಇರುವವರಿಗೆ ಸವಿ, ಕಾಡುವವರಿಗೆ ಮಾತ್ರ ಈ ಕಲಿಯುಗದಲ್ಲಿ ಮೀರಿದವನು, ಇವನು ಮಾಧವನೇ, ಬೇರೆ ಅಲ್ಲ ಅಂತ ಅರ್ಥ. ಇದು ತ್ರಿಪದಿ. ಮೊದಲ ಸಾಲಿಗೆ ನಾಲ್ಕು ಗಣ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ನಿಮ್ಮಮ್ಮನ ಪದಗಳನ್ನು ಒಮ್ಮೆ ಎಣಿಸಿ ನೋಡಿ. ಅದೇ ನಾಲ್ಕು, ನಾಲ್ಕು, ಮೂರು ಸಿಗುತ್ತದೆ. ಸರ್ವಜ್ಞ ಹೇಳಿದ್ದೂ ಇದರಲ್ಲೇ.

ನನ್ನ ಅವ್ವ ಹಳೇ ಬಾಗಲಕೋಟೆಯ ನಮ್ಮ ಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೀಸುತ್ತಿದ್ದಳು. ಎದುರಿಗೆ ಚಿಕ್ಕವ್ವ. ಒಂದೇ ಗೂಟಕ್ಕೆ ಇಬ್ಬರ ಕೈ. ಗೂಟ ಒಬ್ಬಳ ಎದೆಯ ಹತ್ತಿರ ಬಂದಾಗ ಇನ್ನೊಬ್ಬಳ ತೋಳು ನೀಳ ಆಗುತ್ತಿತ್ತು. ಮೊದಲ ಸಾಲು ಅವ್ವ ಎತ್ತಿಕೊಂಡರೆ ಎರಡನೆಯದನ್ನು ಇಬ್ಬರೂ ತಿರುಗಿ ಹಾಡುತ್ತಿದ್ದರು. ಮೂರನೇ ಸಾಲು ಗಿಡ್ಡ. ಅಲ್ಲಿ ಉಸಿರು ತಗೊಂಡು ಒಂದು ಹಿಡಿ ಜೋಳ ಬಾಯಿಗೆ ಹಾಕುತ್ತಿದ್ದರು, ಅಂದರೆ ಕಲ್ಲಿನ ಬಾಯಿಗೆ. ಆ ಗಿಡ್ಡ ಸಾಲು ಯಾಕೆ ಗಿಡ್ಡ ಅಂತ ನನಗೆ ಯಾವ ಛಂದಸ್ಸಿನ ಪುಸ್ತಕವೂ ಹೇಳಲಿಲ್ಲ. ಹಾಸಿಗೆಯಲ್ಲಿ ಅರೆ ನಿದ್ದೆಯಲ್ಲಿ ಮಲಗಿ ಕೇಳಿದ್ದಕ್ಕೆ ಗೊತ್ತಾಯಿತು.

1986ರಲ್ಲಿ ಅವ್ವನನ್ನು ಆ ಬಂಡೆಯ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳಿಗೆ ಓದು ಬರದು. ನಾನು ಮೊದಲ ಸಾಲು ಓದಿದೆ, ಎರಡನೆಯದು ಓದಿದೆ. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವ್ವ ತನ್ನಷ್ಟಕ್ಕೆ ಎರಡನೇ ಸಾಲನ್ನು ತಿರುಗಿ ಹಾಡಿದಳು, ಬೀಸುವ ಧಾಟಿಯಲ್ಲೇ. ಆಮೇಲೆ ‘ಇದನ್ನ ಹೇಳಿದಾಕಿ ಯಾರು?’ ಅಂತ ಕೇಳಿದಳು. ಹೇಳಿದವಳು ಹೆಣ್ಣೇ ಇರಬೇಕು ಅಂತ ಅವಳಿಗೆ ಅನುಮಾನವೇ ಇರಲಿಲ್ಲ.

ನನಗೂ ಆವತ್ತಿನಿಂದ ಹಾಗೇ ಅನ್ನಿಸುತ್ತದೆ. ಕಲ್ಲಿಗೆ ಬರುವ ಮೊದಲು ಆ ಧಾಟಿ ಜನರ ಬಾಯಲ್ಲಿ ಓಡಾಡಿಕೊಂಡಿರಬೇಕು. ಚಾಲುಕ್ಯರು ಹೋದರು, ರಾಷ್ಟ್ರಕೂಟರು ಹೋದರು, ಆದಿಲಶಾಹಿ ಬಂತು ಹೋಯಿತು. ಅಷ್ಟೂ ದಿನ ಅದನ್ನು ಬೆಳಗಿನ ಜಾವ ಎದ್ದು ಉಳಿಸಿಕೊಂಡು ಬಂದವರು ನಿಮ್ಮಮ್ಮ, ನಮ್ಮವ್ವನಂಥವರು. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಓಣಿ ಹೋದಾಗ ನಾವು ಬಾಗಿಲು, ಕಿಟಕಿ ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿದೆವು. ಅವ್ವ ಮೊದಲು ಹೇರಿಸಿದ್ದು ಬೀಸುವ ಕಲ್ಲು. ಈಗಲೂ ನವನಗರದ ಮನೆಯ ಹಿತ್ತಲಲ್ಲಿದೆ.

ಬರೆದಿಡಿ ಅಕ್ಕಾ. ಬರೆಯುವಾಗ ಎರಡು ಕೆಲಸ ಮಾಡಿ. ಅಮ್ಮ ಹೇಳಿದ ಹಾಗೇ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಬೇಡಿ, ತಿದ್ದಿದರೆ ಗಣ ಕೆಡುತ್ತದೆ. ಮೊಬೈಲಿನಲ್ಲಿ ಧಾಟಿಯನ್ನೂ ಹಿಡಿದಿಡಿ. ಅವ್ವನ ಧ್ವನಿ ನನ್ನ ಹತ್ತಿರ ಇಲ್ಲ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳನ್ನು ಒಂದು ದಿನದ ಪ್ರವಾಸ ಕರೆದುಕೊಂಡು ಹೋಗಬೇಕು. ಪಾಠದಲ್ಲಿ ‘ನಾಗರಿಕತೆ’ ಅಂತ ಬಂದದ್ದನ್ನು ಕಣ್ಣಾರೆ ತೋರಿಸೋಕೆ ಯಾವ ಜಾಗ ಒಳ್ಳೆಯದು ಮೇಡಂ?
– ಪ್ರಾಥಮಿಕ ಶಾಲಾ ಶಿಕ್ಷಕಿ, ಮುಧೋಳ

ಉತ್ತರ: ಐಹೊಳೆ. ಪಟ್ಟದಕಲ್ಲು, ಬಾದಾಮಿ ಎಲ್ಲ ಒಂದೇ ದಿನ ಮುಗಿಸಬೇಡಿ. ಮಕ್ಕಳಿಗೆ ಬಸ್ಸೇ ನೆನಪಿರುತ್ತದೆ, ಗುಡಿ ನೆನಪಿರುವುದಿಲ್ಲ.

ಬೆಳಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲೇ ಮೇಗುಟಿ ಗುಡ್ಡ ಹತ್ತಿಸಿ. ದುರ್ಗ ಗುಡಿ, ಲಾಡಖಾನ ಗುಡಿ ಆಮೇಲೆ ನೋಡಬಹುದು. ನೀರಿನ ಬಾಟಲಿ ಎಲ್ಲರ ಕೈಯಲ್ಲಿರಲಿ. ಗುಡ್ಡದ ಮೇಲೆ ಗುಡಿಯ ಹಿಂದೆ ಮೊದಲು ಹೋಗಿ. ಅಲ್ಲಿ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲು ಮನೆಗಳಿವೆ. ಅವು ಗೋರಿಗಳು, ಚಾಲುಕ್ಯರಿಗಿಂತ ನೂರಾರು ವರ್ಷ ಹಳೆಯವು. ಮಕ್ಕಳು ಒಳಗೆ ಬಗ್ಗಿ ನೋಡಲಿ. ಆಮೇಲೆ ಗುಡಿಗೆ ಬನ್ನಿ. ಅದೇ ಚಪ್ಪಡಿ ನಿಲ್ಲಿಸುವ ಕೈ ಎಷ್ಟು ದೂರ ನಡೆದು ಬಂತು ಅಂತ ನೀವು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ.

ಗುಡಿಯ ಪೂರ್ವದ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನ ಇದೆ. 634ರದ್ದು. ಇಮ್ಮಡಿ ಪುಲಕೇಶಿಯ ಮುಂದೆ ಹರ್ಷನ ಹರ್ಷವೇ ಹೋಯಿತು ಅಂತ ಅದರಲ್ಲಿ ಒಂದು ಮಾತಿನ ಆಟ ಇದೆ, ಮಕ್ಕಳಿಗೆ ಬಹಳ ಹಿಡಿಸುತ್ತದೆ. ಕಾಳಿದಾಸನ ಹೆಸರೂ ಇದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಓದಿ ಹೇಳೋಕೆ ಹೋಗಬೇಡಿ. ಒಂದೇ ಒಂದು ಕೆಲಸ ಕೊಡಿ: ‘ಗ’ ಹುಡುಕಿ ಅಂತ. ಅಶೋಕನ ಬ್ರಾಹ್ಮಿಯಲ್ಲಿ ಅದು ಗುಡಾರದ ಹಾಗಿತ್ತು, ಇಲ್ಲಿಗೆ ಬರುವಾಗ ತುದಿ ದುಂಡಾಗಿ ಕಮಾನು ಆಯಿತು. ನಮ್ಮ ಪಾಟಿಯ ಮೇಲೂ ಕಮಾನೇ. ನಾನು ಕರೆದುಕೊಂಡು ಹೋದಾಗಲೆಲ್ಲ ಐದು ನಿಮಿಷದೊಳಗೆ ಯಾರಾದರೂ ಒಬ್ಬರು ಕೂಗಿಯೇ ಕೂಗುತ್ತಿದ್ದರು, ‘ಅಕ್ಕೋರೇ, ಸಿಕ್ತು!’ ಅಂತ. ಗೋಡೆ ಮುಟ್ಟಬಾರದು ಅಂತ ಮೊದಲೇ ಹೇಳಿರಿ. ಬೆರಳು ಗಾಳಿಯಲ್ಲಿ ಆಡಿಸಿ ಬರೆಯಲಿ.